ಹೆಸರು ಉಳಿಸಿ ಕಟ್ಟಿದ ಪ್ರೋಗ್ರಾಮ್

ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದವು. ಎರಡೆರಡಾಗಿ, ಒಂದರ ಕೆಳಗೊಂದು, ಮೇಲಿನಿಂದ ಕೆಳತನಕ. ಅವನ್ನು ನೋಡಿ ಅವನಿಗೆ ಸಿಟ್ಟು ಬರಲಿಲ್ಲ, ಒಂದು ಬಗೆಯ ತೃಪ್ತಿಯೇ ಆಯಿತು. ಈ ಆಫೀಸಿನಲ್ಲಿ ಯಾರನ್ನು ಏನು ಕೇಳಿದರೂ ಸಿಗುವ ಉತ್ತರ ಇಷ್ಟೇ ಎಂದುಕೊಂಡ. ಬ್ರೆಡ್ ಕಾರ್ಖಾನೆಯಲ್ಲಿ ಒಲೆಗಳನ್ನು ನೋಡಿಕೊಳ್ಳುವ ಅವರ ಪ್ರೋಗ್ರಾಮ್ ಕಳೆದ ವಾರದಿಂದ ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಸತ್ತು ಬೀಳುತ್ತಿತ್ತು. ಅದು ಸತ್ತರೆ ಅನಾಹುತವಾಗದಿರಲಿ ಎಂದು ಒಲೆಗಳೂ ತಾವಾಗಿ ಆರುತ್ತಿದ್ದವು. ಒಳಗಿದ್ದ ಬ್ರೆಡ್ಡು ಅರ್ಧ ಬೆಂದು ಕುಸಿಯುತ್ತಿತ್ತು. ಸಾಯುವ ಮುಂಚೆ ಪ್ರೋಗ್ರಾಮು ತನ್ನ ನೆನಪನ್ನೆಲ್ಲ ಒಂದು ಫೈಲಿಗೆ ಸುರಿದು ಹೋಗುತ್ತದೆ. ಆ ಫೈಲು ತೆರೆದು, ಕೊನೆಯ ಗಳಿಗೆಯಲ್ಲಿ ಅದು ಯಾವ ಸಾಲಿನಲ್ಲಿತ್ತು, ಅಲ್ಲಿಗೆ ಅದನ್ನು ಕಳಿಸಿದ್ದು ಯಾವುದು, ಅದಕ್ಕೂ ಹಿಂದೆ ಯಾವುದು ಎಂದು ಹೆಜ್ಜೆ ಹಿಡಿದು ಹೋಗುವುದು ಅವನ ಕೆಲಸ. ಬೇರೆ ಯಾರಿಗೂ ಅಷ್ಟು ತಾಳ್ಮೆ ಇರಲಿಲ್ಲ. ಅದಕ್ಕೇ ಆಫೀಸಿನವರು ಬೆನ್ನ ಹಿಂದೆ ಅವನನ್ನು ಪೋಸ್ಟ್‌ಮಾರ್ಟಂ ಎನ್ನುತ್ತಿದ್ದರು. ಬೆನ್ನಿಗೂ ಕಿವಿ ಇರುತ್ತದೆ ಎನ್ನುವುದು ಆ ಪೆದ್ದುಗಳಿಗೆ ಗೊತ್ತಿರಲಿಲ್ಲ. ಇರಲಿ, ಆದರೆ ಈ ಹೆಣಕ್ಕೆ ಮುಖವೇ ಇರಲಿಲ್ಲ. ಗಿರಾಕಿಗೆ ಕೊಡುವ ಪ್ರೋಗ್ರಾಮಿನಿಂದ ಒಳಗಿನ ಹೆಸರುಗಳನ್ನೆಲ್ಲ, ಇದು ಯಾವ ಫೈಲು, ಎಷ್ಟನೆಯ ಸಾಲು, ಯಾವ ಕೆಲಸ ಎನ್ನುವ ಗುರುತುಗಳನ್ನೆಲ್ಲ, ಕೆರೆದು ತೆಗೆಯಬೇಕೆಂದು ಭಾವಮೈದನ ಅಪ್ಪಣೆಯಾಗಿತ್ತು. "ಹಗುರ ಇರ್ಲಿ ಭಾವ. ಆಮೇಲೆ ನಮ್ಮ ಗುಟ್ಟು ಊರಿಗೆಲ್ಲ ಯಾಕೆ?" ಎಂದಿದ್ದ. ಗುಟ್ಟಂತೆ. ಕದ್ದ ಕಳ್ಳನೇ ನಾಚಿಕೊಂಡು ವಾಪಸ್ಸು ತಂದಿಡುವಂಥ ಮಾಲಿಗೆ ಒಂದು ಗುಟ್ಟು. ಹೆಸರು ಕೆರೆದ ಮೇಲೆ ಉಳಿದದ್ದು ಈ ಚಿಹ್ನೆಗಳು. ಇನ್ನು ಮೂಲದಿಂದ ಎಲ್ಲವನ್ನೂ ಮತ್ತೆ ಕಟ್ಟಬೇಕು, ಈ ಸಲ ಹೆಸರುಗಳನ್ನು ಉಳಿಸಿಕೊಂಡು. ಕಟ್ಟಿ, ಕಾರ್ಖಾನೆಯ ದಿನವನ್ನು ಇಲ್ಲಿ ನಡೆಸಿ, ಅದು ಇನ್ನೊಮ್ಮೆ ಕಣ್ಣೆದುರು ಸಾಯುವ ಹಾಗೆ ಮಾಡಬೇಕು.

ಭಾವಮೈದ ಎಂದರೆ ಹೆಂಡತಿಯ ತಮ್ಮ, ಈ ಕಂಪನಿಯ ಮಾಲೀಕ. ಇಲ್ಲಿಗೆ ಕೆಲಸಕ್ಕೆ ಬಂದ ಮೊದಲ ದಿನ ಇವನು ಎಲ್ಲರ ಎದುರು ಅವನನ್ನು ಅಭ್ಯಾಸಬಲದಿಂದ "ನೀನು" ಎಂದುಬಿಟ್ಟಿದ್ದ. ಕೀಲಿಮಣೆಗಳ ಸದ್ದು ಒಮ್ಮೆಲೇ ನಿಂತಿತ್ತು. ಭಾವಮೈದ ನಕ್ಕು, "ಇವರು ನಮ್ಮ ಭಾವ, ಮನೇಲಿ ಹಾಗೇ ಕರೀತಾರೆ" ಎಂದು ದೊಡ್ಡ ಮನಸ್ಸು ಮಾಡಿದ್ದ. ಆ ದೊಡ್ಡ ಮನಸ್ಸು ಇವನಿಗೆ ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ನೀವು ಎನ್ನಲು ನಾಲಿಗೆ ಏಳುವುದಿಲ್ಲ, ನೀನು ಎನ್ನುವಂತಿಲ್ಲ. ಅಂದಿನಿಂದ ಅವನ ಜೊತೆ ಯಾರನ್ನೂ ಕರೆಯದ ವಾಕ್ಯಗಳಲ್ಲೇ ಮಾತಾಡುವುದನ್ನು ಕಲಿತ. ನೋಡಿದರೆ ಒಳ್ಳೆಯದು. ಕಳಿಸಿದರೆ ಆಗುತ್ತಿತ್ತು. ಹೇಳಿದ್ದು ಕೇಳಿಸಿತೇನೋ. ಹೀಗೆ ಕಳ್ಳಹೆಜ್ಜೆಯ ಮಾತು ಆಡಿ ಆಡಿ ಮನೆಯಲ್ಲಿ ಹೆಂಡತಿಯ ಜೊತೆಯೂ ಅದೇ ರೂಢಿಯಾಗಿ, "ನನ್ನನ್ನ ಕೇಳ್ತಿದೀರೋ ಗೋಡೇನೋ?" ಎಂದು ಆಕೆ ರೇಗುತ್ತಿದ್ದಳು.

ಬೆಳಿಗ್ಗೆ ಮೀಟಿಂಗ್ ಕೋಣೆಯ ಮೇಜಿನ ಮೇಲೆ ಕಾರ್ಖಾನೆಯವರು ಕಳಿಸಿದ ರಟ್ಟಿನ ಪೆಟ್ಟಿಗೆಯೊಂದಿತ್ತು. ಒಳಗೆ ಅರ್ಧ ಬೆಂದ ಬ್ರೆಡ್ಡು, ಬಿಳಿಚಿಕೊಂಡು, ನಡು ಕುಸಿದು ಬಿದ್ದಿತ್ತು. ಎಲ್ಲರೂ ಸಾವಿನ ಮನೆಗೆ ಬಂದವರಂತೆ ಸುತ್ತ ನಿಂತಿದ್ದರು. ಲೆಕ್ಕ ಬರೆಯುವವನು ಬೆರಳಿನಿಂದ ಒತ್ತಿ ನೋಡಿದ. ಬೆರಳಿನ ಗುಳಿ ಹಾಗೇ ಉಳಿಯಿತು. ಭಾವಮೈದ ಪೆಟ್ಟಿಗೆಯ ಮುಚ್ಚಳ ಮುಚ್ಚಿ, "ಅವರಿಗೆ ಒಂದು ತಲೆ ಬೇಕು ಭಾವ" ಎಂದ. "ಯಾರ ತಪ್ಪು, ಯಾರನ್ನ ತೆಗೆದ್ರಿ, ಅದು ಹೇಳಿ ಅಂತಾರೆ. ಇಲ್ಲದಿದ್ರೆ ಬೇರೆ ಕಂಪನಿ ನೋಡ್ಕೋತಾರಂತೆ. ಯಾರದು ಇದು?" ಇವನು ತಲೆ ಎತ್ತದೆ, ಮೂಗು ಮುರಿದು, "ಕಳೆದ ವಾರ ಯಾರು ಕೈಯಾಡಿಸಿದ್ರೋ ಅವರದ್ದು. ಇನ್ಯಾರದ್ದು?" ಎಂದಿದ್ದ. ಗಲ್ಲ ತಾನಾಗಿ ಗೋಡೆಯ ಕಡೆಗೆ ವಾಲಿತ್ತು. ಗೋಡೆಯ ಆಚೆ ಟೀಚರ್ ಕೂರುತ್ತಿದ್ದಳು.

"ಟೀಚರದ್ದಾ?"

"ಪಾಳಿ ಬದಲಾದಾಗ ಓಡೋ ಹೊಸ ವರದಿ ಬರೆದವರು ಅವರೇ ತಾನೆ."

"ಖಾತ್ರಿನಾ ಭಾವ?"

"ಹೆಸರುಗಳನ್ನ ಉಳಿಸಿ ಮತ್ತೆ ಬಿಲ್ಡ್ ಮಾಡಿದ್ರೆ ಸಾಲೇ ಸಿಗತ್ತೆ. ಸಂಜೆ ಹೊತ್ತಿಗೆ ಖಾತ್ರಿ ಮಾಡ್ಕೋಬಹುದು."

"ಸರಿ. ಬೇರೆ ಏನಾದ್ರೂ ಸಿಕ್ಕಿದ್ರೆ ನನಗೆ ಹೇಳಿ. ಸಿಗದೇ ಇದ್ರೆ ಟೀಚರನ್ನ ಕಳಿಸಿ, ಕಾರ್ಖಾನೆಗೆ ಬರೆದುಬಿಡ್ತೀನಿ. ಇನ್ನೂ ಕಾಯಂ ಆಗಿಲ್ಲ ಅವರದ್ದು, ತೊಂದರೆ ಇಲ್ಲ." ಇಷ್ಟು ಹೇಳಿ ಭಾವಮೈದ ಪೆಟ್ಟಿಗೆಯನ್ನು ಏನು ಮಾಡುವುದೆಂದು ತಿಳಿಯದೆ ಕಪಾಟಿನ ಮೇಲಿಟ್ಟ. ಇವನಿಗೆ ಆಗ ಏನೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಇಷ್ಟೇ: ಕೇಳಿದ ಕೂಡಲೇ ಉತ್ತರ ಕೊಟ್ಟೆ, ಉಳಿದವರು ಬ್ರೆಡ್ಡು ನೋಡುತ್ತ ನಿಂತಿದ್ದರು.

ಟೀಚರ್ ನಿಜವಾಗಿಯೂ ಟೀಚರಾಗಿದ್ದವಳು. ನಲವತ್ತು ದಾಟಿದ್ದಳು. ಗಣಿತ ಹೇಳಿಕೊಡುತ್ತಿದ್ದ ಶಾಲೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಈ ವಿದ್ಯೆ ಕಲಿತು ಬಂದಿದ್ದಳು. ಅವಳು ಬರೆದ ಪ್ರೋಗ್ರಾಮಿನ ಒಂದೊಂದು ಸಾಲಿನ ಮೇಲೂ ಒಂದೊಂದು ವಿವರಣೆ ಇರುತ್ತಿತ್ತು, ಕಪ್ಪುಹಲಗೆಯ ಮೇಲೆ ದಡ್ಡ ಮಕ್ಕಳಿಗೆ ಬರೆದು ತೋರಿಸಿದ ಹಾಗೆ. "ಇಲ್ಲಿ ಒಲೆಯ ಶಾಖವನ್ನು ಕೂಡಿಸುತ್ತೇವೆ." ಕೂಡಿಸುತ್ತೇವಂತೆ. ಕೂಡಿಸುವುದು ಕಾಣುವುದಿಲ್ಲವೇ? ಅವಳನ್ನು ಟೀಚರ್ ಎಂದು ಮೊದಲು ಕರೆದವನು ಇವನೇ, ಚುಚ್ಚುವುದಕ್ಕೆ. ಆಕೆ ಅದನ್ನು ಗೌರವವೆಂದು ತಿಳಿದು ಮುಖ ಅರಳಿಸಿದ್ದಳು. ಅವಮಾನ ಮಾಡಿದರೆ ಅವಮಾನವಾಗುವಷ್ಟಾದರೂ ಬುದ್ಧಿ ಬೇಡವೇ ಮನುಷ್ಯರಿಗೆ? ಒಂದು ದಿನ ಬುತ್ತಿ ತಿನ್ನುತ್ತ ತಾನಾಗಿ, "ಇಲ್ಲಿ ಸೇರಿಸ್ಕೊಂಡಿದ್ದೇ ದೊಡ್ಡದು ಸರ್. ಈ ವಯಸ್ಸಲ್ಲಿ ಇನ್ನೊಂದ್ ಕಡೆ ಯಾರೂ ತಗೊಳಲ್ಲ" ಎಂದಿದ್ದಳು. ಇವನು ಊಟದ ಡಬ್ಬಿಯ ಮುಚ್ಚಳ ಹುಡುಕುವ ನೆಪ ಮಾಡಿದ್ದ. ಜನ ತಮ್ಮ ಕಷ್ಟವನ್ನು ಕೇಳದೆ ಬಡಿಸುವುದು ಅವನಿಗೆ ಹೇಸಿಗೆ. ಈಗ ಆಕೆ ಪಕ್ಕದ ಕುರ್ಚಿಯಲ್ಲೇ ಇದ್ದಳು. ಜಾಗ ಸಾಲದೆ ಇಬ್ಬರಿಗೂ ಒಂದೇ ಉದ್ದ ಮೇಜು. ಬೆಳಗಿನ ಮಾತು ಹೇಗೋ ಅವಳ ಕಿವಿಗೆ ಬಿದ್ದಿತ್ತು. ಈ ಆಫೀಸಿನ ಗೋಡೆಗಳು ಪ್ಲೈವುಡ್ಡಿನವು.

"ನನ್ನದೇ ಇರಬಹುದು ಸರ್" ಎಂದಳು ಮೆಲ್ಲಗೆ. "ಬೆಳಿಗ್ಗೆಯಿಂದ ಯೋಚನೆ ಮಾಡ್ತಿದೀನಿ, ಎಲ್ಲಿ ಅಂತ ಗೊತ್ತಾಗ್ತಿಲ್ಲ. ನೀವು ನೋಡಿ ಹೇಳಿ. ನನ್ನದಾದ್ರೆ ನನಗೆ ತಿಳೀಬೇಕು."

"ನೋಡೋಣ ಟೀಚರ್. ಹೆಣ ಸುಳ್ಳು ಹೇಳಲ್ಲ" ಎಂದ.

ಹೇಳಿದ ಮೇಲೆ ಆ ಮಾತು ಅವನಿಗೆ ಹಿಡಿಸಿತು. ಇದನ್ನು ಇನ್ನೂ ಒಳ್ಳೆಯ ಕಿವಿಗಳಿಗೆ ಕಾದಿಡಬೇಕಿತ್ತು ಅನ್ನಿಸಿತು.

ಮೊದಲ ಬಿಲ್ಡಿನಲ್ಲೇ ಎಡವಿದ. ಹೆಸರುಗಳನ್ನು ಉಳಿಸುವುದರ ಜೊತೆಗೆ, ಓದಲು ಸುಲಭವಾಗಲಿ ಎಂದು, ಪ್ರೋಗ್ರಾಮು ಕಟ್ಟಿಕೊಡುವ ಕಂಪೈಲರ್ ವೇಗಕ್ಕಾಗಿ ಮಾಡುವ ಕಸರತ್ತುಗಳನ್ನೂ ನಿಲ್ಲಿಸಿಬಿಟ್ಟಿದ್ದ. ಇದು ಹೊಸಬರು ಮಾಡುವ ತಪ್ಪು. ಹಾಗೆ ಕಟ್ಟಿದಾಗ ಒಳಗಿನ ಸಾಮಾನೆಲ್ಲ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಪಕ್ಕದ್ದರ ಮೈಮೇಲೆ ಬೀಳಬೇಕಾದ್ದು ಖಾಲಿ ನೆಲದ ಮೇಲೆ ಬೀಳುತ್ತದೆ. ರೋಗ ವಾಸಿಯಾದ ಹಾಗೆ ಕಾಣುತ್ತದೆ. ಕಾರ್ಖಾನೆಯಿಂದ ತಂದ ದಾಖಲೆಯನ್ನು ಹಾಕಿ ಓಡಿಸಿದ. ಪಾಳಿ ಬದಲಾಯಿತು, ಪ್ರೋಗ್ರಾಮು ಸಾಯಲಿಲ್ಲ. ಮತ್ತೆ ಬದಲಾಯಿತು, ಸಾಯಲಿಲ್ಲ. ಇಡೀ ಆಫೀಸಿನಲ್ಲಿ ಅದು ಸಾಯಲೆಂದು ಹಾರೈಸುತ್ತಿದ್ದವನು ಅವನೊಬ್ಬನೇ. ಅದು ಆಸ್ತಿಗೆ ಕಾದವರನ್ನೆಲ್ಲ ಕಾಯಿಸುವ ಮುದುಕಿಯ ಹಾಗೆ ಗಟ್ಟಿಮುಟ್ಟಾಗಿ ಓಡುತ್ತಲೇ ಇತ್ತು. ಭಾವಮೈದ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಅವನ ಸೆಂಟಿನ ವಾಸನೆ ಮೊದಲು ಬಂತು, ಮಾತು ಆಮೇಲೆ.

"ಅರೆ, ಇದು ಸಾಯ್ತಾನೇ ಇಲ್ವಲ್ಲ ಭಾವ! ಇದನ್ನೇ ಕೊಟ್ಬಿಡೋಣ ಅವರಿಗೆ."

ಇವನು ಕುರ್ಚಿ ತಿರುಗಿಸಲಿಲ್ಲ. "ಇದು ರೋಗ ಹೋಗಿರೋದಲ್ಲ. ಬಚ್ಚಿಟ್ಕೊಂಡಿರೋದು."

"ಬಚ್ಚಿಟ್ಕೊಂಡಿದ್ರೆ ಬಚ್ಚಿಟ್ಕೊಂಡೇ ಇರ್ಲಿ ಬಿಡಿ. ನಮಗೇನು?"

"ನಾಳೆ ಇನ್ನೊಂದ್ ಕಡೆ ಏಳತ್ತೆ. ಆಗ ಒಲೆ ಆರಲ್ಲ, ಉರೀತಾನೇ ಇರತ್ತೆ. ಅದಕ್ಕೂ ಯಾರನ್ನಾದ್ರೂ ತೆಗೀಬೇಕಾಗತ್ತೆ."

ಭಾವಮೈದ ಅರ್ಥವಾದವನ ಹಾಗೆ ತಲೆಯಾಡಿಸಿದ. ಅರ್ಥವಾಗದಿದ್ದಾಗ ತಲೆಯಾಡಿಸುವುದನ್ನು ಅವನು ಹುಡುಗನಾಗಿದ್ದಾಗಲೇ ಕಲಿತಿದ್ದ, ಅದೂ ಇವನ ಮನೆಯ ಊಟದ ಮೇಜಿನ ಮುಂದೆ. ಮದುವೆಯಾದ ಹೊಸದರಲ್ಲಿ, ಕಾಲೇಜು ಹುಡುಗ, ವಾರವಾರ ಅಕ್ಕನ ಮನೆಗೆ ಬಂದು, "ಭಾವ, ನನಗೂ ಪ್ರೋಗ್ರಾಮಿಂಗ್ ಹೇಳಿಕೊಡಿ" ಎಂದು ನೋಟುಬುಕ್ಕು ಬಿಚ್ಚಿ ಕೂರುತ್ತಿದ್ದ. ಹೇಳಿಕೊಟ್ಟಿದ್ದು ಕಡಿಮೆ, ನಕ್ಕದ್ದು ಹೆಚ್ಚು. ಬಂದ ನೆಂಟರ ಎದುರು, "ನಮ್ಮ ಭಾವಮೈದನಿಗೆ ಸೊನ್ನೆಗೂ ಒಂದಕ್ಕೂ ಇನ್ನೂ ಪರಿಚಯ ಮಾಡಿಸ್ತಿದೀನಿ" ಎಂದಾಗ ಎಲ್ಲರೂ ಗೊಳ್ಳೆಂದಿದ್ದರು, ಹುಡುಗನೂ ನಕ್ಕಿದ್ದ. ಅವನಿಗೆ ಆಗಲೂ ಅವಮಾನವಾಗುತ್ತಿರಲಿಲ್ಲ. ಅದೇ ಅವನ ಬಂಡವಾಳ. ಅದನ್ನೇ ಹಾಕಿ ಕಂಪನಿ ಕಟ್ಟಿದ, ಗಿರಾಕಿಗಳ ಬೈಗುಳ ನುಂಗಿ ನುಂಗಿ ದುಂಡಗಾದ. ಇವನಿಗಾದರೋ ಒಂದು ಬೈಗುಳವೂ ಜೀರ್ಣವಾಗಲಿಲ್ಲ. ಹಳೆಯ ಕಂಪನಿಯಲ್ಲಿ ಮೇಲಿನವನೊಬ್ಬನನ್ನು ಮೂರ್ಖ ಎಂದು ಹೊರಬಂದು ಮನೆಯಲ್ಲಿ ಕೂತಿದ್ದಾಗ, ಭಾವಮೈದ ಒಂದು ಚೀಲ ಸೇಬು ಹಿಡಿದು ಬಂದು, ಕುರ್ಚಿಯ ತುದಿಯಲ್ಲಿ ಕೂತು, "ನಮಗೇ ನಿಮ್ಮ ಅಗತ್ಯ ಇದೆ ಭಾವ, ಇಲ್ಲ ಅನ್ಬೇಡಿ" ಎಂದಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದಾರೆ ಎನ್ನುವುದು ಅವಳ ಆ ಬೆರಳುಗಳಲ್ಲೇ ಕಾಣುತ್ತಿತ್ತು. ಸೇಬು ಚೆನ್ನಾಗಿದ್ದವು. ಅದಕ್ಕೂ ಅವನಿಗೆ ಕೋಪ ಬಂದಿತ್ತು.

ಮಧ್ಯಾಹ್ನ ಹೆಂಡತಿಯ ಫೋನು. "ಊಟ ಆಯ್ತಾ? ಅವನ ಜೊತೆ ಏನೂ ಜಗಳ ಇಲ್ಲ ತಾನೆ? ಬೆಳಿಗ್ಗೆ ಫೋನ್ ಮಾಡಿದ್ದ, ದನಿ ಸರಿ ಇರಲಿಲ್ಲ. ಸ್ವಲ್ಪ ನೋಡ್ಕೊಳ್ರಿ, ಒಬ್ಬನೇ ಒದ್ದಾಡ್ತಾನೆ." ಆ ಮನೆಯ ರಕ್ತದಲ್ಲೇ ಇದೆ ಇದು, ಎದುರಿನವನ ಸ್ಥಿತಿ ಹೇಗಿದೆ ಎಂದು ನೋಡದೆ ಕನಿಕರವನ್ನು ಬೇರೆ ಕಡೆಗೆ ತಿರುಗಿಸುವುದು. "ನೋಡ್ಕೋತೀನಿ" ಎಂದು ಫೋನಿಟ್ಟ. ನಾಲಿಗೆಗೆ ಎಲುಬಿಲ್ಲ ನಿನಗೆ ಎಂದು ತಾಯಿ ಬೈಯುತ್ತಿದ್ದದ್ದು ನೆನಪಾಯಿತು. ಎಲುಬಿಲ್ಲದ ಈ ನಾಲಿಗೆಯನ್ನು ಇಷ್ಟು ವರ್ಷ ಬಾಯೊಳಗೇ ಮಡಚಿಟ್ಟುಕೊಂಡು ಬದುಕಿದ್ದೇನಲ್ಲ ಎಂದು ತನ್ನ ಬಗ್ಗೆ ತನಗೇ ಸ್ವಲ್ಪ ಅಸಹ್ಯವಾಯಿತು.

ಎರಡನೆಯ ಬಿಲ್ಡು ಸರಿಯಾಗಿ ಮಾಡಬೇಕಿತ್ತು: ಕಾರ್ಖಾನೆಗೆ ಕೊಟ್ಟಾಗ ಹೇಗೆ ಕಟ್ಟಿದ್ದರೋ ಹಾಗೆಯೇ, ಕೂದಲಷ್ಟೂ ವ್ಯತ್ಯಾಸವಿಲ್ಲದೆ, ಹೆಸರುಗಳನ್ನು ಮಾತ್ರ ಕೆರೆಯದೆ. ಅದಕ್ಕೆ ಹಳೆಯ ಕಂಪೈಲರ್ ಬೇಕು, ಅದರ ಜೊತೆ ಸೇರಿಸುವ ಸಿದ್ಧ ತುಣುಕುಗಳ ಹಳೆಯ ಲೈಬ್ರರಿಗಳು ಬೇಕು. ಅವು ಉಗ್ರಾಣದಲ್ಲಿ ಮುರಿದ ಕುರ್ಚಿಗಳ ಕೆಳಗಿದ್ದ ಹಳೆಯ ಯಂತ್ರದಲ್ಲಿ ಮಾತ್ರ ಉಳಿದಿದ್ದವು. ಟೀಚರ್ ಕೇಳದೆಯೇ ಎದ್ದುಹೋಗಿ ಕುರ್ಚಿಗಳನ್ನು ಸರಿಸಿ, ಅದನ್ನು ಒರೆಸಿ, ಎಳೆದು ತಂದು ಮೇಜಿನ ಮೇಲಿಟ್ಟು ತಂತಿ ಚುಚ್ಚಿಕೊಟ್ಟಳು. ಮೊಣಕೈಗೆ ಧೂಳು ಮೆತ್ತಿತ್ತು. ತನ್ನ ನೇಣಿನ ಹಗ್ಗವನ್ನು ತಾನೇ ತಂದುಕೊಡುವ ಈ ಸದ್ಗುಣ ಯಾರಿಗೆ ತೋರಿಸಲು ಎಂದುಕೊಂಡ. "ಥ್ಯಾಂಕ್ಸ್ ಟೀಚರ್" ಎಂದು, ಆ ಒಂದು ಮಾತಿಗೇ ಸುಸ್ತಾದವನಂತೆ, ಕಣ್ಣು ಉಜ್ಜಿಕೊಂಡ. ಕಂಪೈಲಾಗುವ ಸಾಲುಗಳು ಪರದೆಯ ಮೇಲೆ ಏರುತ್ತ ಹೋದವು. ಫೈಲುಗಳ ಹೆಸರುಗಳು ಒಂದೊಂದೇ ಹಾದುಹೋದವು: ಬಿಟ್ಟುಹೋದವರದ್ದು, ಓಡಿಸಲ್ಪಟ್ಟವರದ್ದು, ಮದುವೆಯಾಗಿ ಬೇರೆ ಊರು ಸೇರಿದವರದ್ದು, ಒಬ್ಬೊಬ್ಬರೂ ಒಂದೊಂದು ಬಗೆಯ ಅಯೋಗ್ಯರು. ಎಲ್ಲರ ಕೈಬರಹವೂ ಅವನಿಗೆ ಗೊತ್ತಿತ್ತು. ಹೆಸರು ಕೆರೆದರೂ ಗುರುತು ಹಿಡಿಯಬಲ್ಲೆ ಎಂಬ ಸೊಕ್ಕು ಇತ್ತು.

ಓಡಿಸಿದ. ಪಾಳಿ ಬದಲಾಯಿತು. ಪ್ರೋಗ್ರಾಮು ಸತ್ತಿತು.

ಎದೆ ಹಗುರವಾಯಿತು. ಫೈಲನ್ನು ತೆರೆದಾಗ ಪ್ರಶ್ನಾರ್ಥಕ ಚಿಹ್ನೆಗಳಿದ್ದ ಜಾಗದಲ್ಲೆಲ್ಲ ಹೆಸರುಗಳು ಕೂತಿದ್ದವು. ಟೀಚರ್ ಬರೆದ ವರದಿಯ ಹೆಸರು ಎಲ್ಲೂ ಇರಲಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ, ಇಲ್ಲ. ಪ್ರೋಗ್ರಾಮು ಪ್ರಾಣ ಬಿಟ್ಟದ್ದು ಪಾಳಿಪಟ್ಟಿಯ ನೆತ್ತಿಯ ಮೇಲೆ ಕಾರ್ಖಾನೆಯ ಹೆಸರನ್ನು ಬರೆಯುವ ಒಂದು ಹಳೆಯ ತುಣುಕಿನಲ್ಲಿ. ಆ ಸಾಲಿಗೆ ಹೋದ. ಹೆಸರಿಗೆಂದು ಚಿಕ್ಕದೊಂದು ಡಬ್ಬಿ ಇಟ್ಟು, ಬರುವ ಹೆಸರು ಅದರಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ಅಳೆಯದೆ ಸುರಿದಿದ್ದರು. ಇಷ್ಟು ವರ್ಷ ಹಿಡಿದಿತ್ತು. ಹೋದ ವಾರ ಯಜಮಾನ ಕಾರ್ಖಾನೆಯ ಹೆಸರಿಗೆ ಮಕ್ಕಳ ಹೆಸರಿನ ಜೊತೆ ಅಳಿಯನ ಹೆಸರನ್ನೂ ಸೇರಿಸಿದ್ದ. ಅಳಿಯ ಡಬ್ಬಿಯಲ್ಲಿ ಹಿಡಿಸಲಿಲ್ಲ, ಉಕ್ಕಿ ಪಕ್ಕದವರ ಮೈಮೇಲೆ ಬಿದ್ದ. ಫೈಲಿನ ತಲೆಯ ಮೇಲೆ ಬರೆದವರ ಹೆಸರಿತ್ತು. ಭಾವಮೈದನದ್ದು. ಕಂಪನಿ ಆರಂಭಿಸಿದಾಗ ಅವನು ಸ್ವಂತ ಕೈಯಿಂದ ಬರೆದ, ಈಗಲೂ ಹೊಸಬರಿಗೆ "ಇದು ನಾನೇ ಬರೆದಿದ್ದು" ಎಂದು ಎದೆಯುಬ್ಬಿಸಿ ತೋರಿಸುವ, ಅವನ ಬಾಳಿನ ಏಕೈಕ ಪ್ರೋಗ್ರಾಮು.

ಇವನ ಮೈಯೊಳಗೆ ನಗು ಎದ್ದಿತು. ಬಾಯಿಗೆ ಬರದ, ಹೊಟ್ಟೆಯಲ್ಲೇ ಕುಲುಕುವ ನಗು. ಊಟದ ಮೇಜು, ನೋಟುಬುಕ್ಕು, ಸೇಬಿನ ಚೀಲ, ಎಲ್ಲ ಒಟ್ಟಿಗೆ ನೆನಪಾದವು. ಸುರಿಯುವ ಮುಂಚೆ ಅಳೆಯಬೇಕು ಎನ್ನುವುದು ಹೇಳಿಕೊಟ್ಟ ಮೊದಲನೆಯ ಪಾಠ. ಇದನ್ನು ಹಾಗೇ ಹೋಗಿ ಕಿವಿಯಲ್ಲಿ ಹೇಳುವುದೇ? ಯಾವ ಪೆದ್ದ ಹಾಗೆ ಮಾಡುತ್ತಾನೆ? ಸಂಜೆಯ ಮೀಟಿಂಗಿಗೆ ಎಲ್ಲರೂ ಇರುತ್ತಾರೆ, ಲೆಕ್ಕದವನು, ಮಾರಾಟದವರು, ಪೋಸ್ಟ್‌ಮಾರ್ಟಂ ಎಂದು ಕಿಸಿಯುವವರು. ಗೋಡೆಯ ಮೇಲೆ ದೊಡ್ಡದಾಗಿ ಹೆಸರುಗಳ ಸಾಲನ್ನು ತೋರಿಸಬೇಕು. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಓದಬೇಕು. ಕೊನೆಗೆ ಫೈಲಿನ ತಲೆಯ ಮೇಲಿನ ಹೆಸರನ್ನು ತಾನು ಓದಬಾರದು, ಅವನಿಂದಲೇ ಓದಿಸಬೇಕು. ಆಮೇಲೆ, ಇಷ್ಟು ವರ್ಷಗಳ ನಂತರ ಎಲ್ಲರ ಎದುರು, ನೀನು ಎನ್ನಬೇಕು. ಇದು ನೀನು ಬರೆದದ್ದು. ಅಷ್ಟೇ. ಬೇರೆ ಏನೂ ಸೇರಿಸಬಾರದು.

"ಸಿಕ್ತಾ ಭಾವ ಏನಾದ್ರೂ?"

ಭಾವಮೈದ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ, ಒಂದು ಕೈಯಲ್ಲಿ ಫೋನು, ಮುಖ ಬೆವರಿತ್ತು. "ಕಾರ್ಖಾನೆಯವರು ಮತ್ತೆ ಮಾಡಿದ್ರು. ಉತ್ತರ ಈಗ್ಲೇ ಬೇಕಂತೆ."

"ಇಲ್ಲ" ಎಂದ ಇವನು.

"ಬೇರೆ ಏನೂ ಸಿಗ್ಲಿಲ್ವಾ?"

"ಇನ್ನೂ ಇಲ್ಲ. ಸಂಜೆ ಮೀಟಿಂಗಲ್ಲಿ ಮಾತಾಡೋಣ."

"ಹಾಗಾದ್ರೆ ಸರಿ." ಭಾವಮೈದ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ, "ಟೀಚರ್, ಒಂದ್ನಿಮಿಷ ನನ್ನ ರೂಮಿಗೆ ಬರ್ತೀರಾ?" ಎಂದ. ಪಕ್ಕದ ಕುರ್ಚಿ ಹಿಂದೆ ಸರಿದ ಸದ್ದು ಇವನಿಗೆ ಕೇಳಿಸಿತು. ಕೇಳಿಸಿತು, ಅಷ್ಟೇ. ಅವನು ಆಗ ಓದುವ ಕ್ರಮದಲ್ಲಿ ಒಂದು ಸಣ್ಣ ಬದಲಾವಣೆ ಮಾಡುತ್ತಿದ್ದ: ಮೊದಲು ಬ್ರೆಡ್ಡಿನ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲಿಡಬೇಕು.

ಚಹಾ ಮಾಡಿಕೊಳ್ಳಲು ಎದ್ದುಹೋದ. ಚಹಾದ ಕೋಣೆಯ ಕಿಟಕಿಯಿಂದ ಎದುರಿನ ಕಟ್ಟಡದ ಒಗೆದ ಬಟ್ಟೆಗಳು ಕಾಣುತ್ತಿದ್ದವು, ಕೆಳಗೆ ಬಸ್ಸುಗಳು ನಿಲ್ಲುತ್ತಿದ್ದವು. ಲೋಟ ಹಿಡಿದು ನಿಂತು ತನ್ನ ಮಾತನ್ನು ಬೇರೆ ಬೇರೆ ದನಿಗಳಲ್ಲಿ ಹೇಳಿಕೊಂಡ. ಕೋಪದಲ್ಲಿ ಬೇಡ. ಅನುಕಂಪದಲ್ಲಿ, ಹೌದು, ಅನುಕಂಪದಲ್ಲಿ ಹೇಳಬೇಕು, "ಪರವಾಗಿಲ್ಲ ಬಿಡು, ಎಲ್ಲರಿಗೂ ಆಗತ್ತೆ" ಎಂದು ಕೊನೆಯಲ್ಲಿ ಭುಜ ತಟ್ಟಬೇಕು. ಅವನು ಸೇಬು ತಂದದ್ದೂ ಹಾಗೆಯೇ ಅಲ್ಲವೇ? ಲೋಟದ ಚಹಾ ಆರಿತು. ಎಷ್ಟೋ ವರ್ಷಗಳಿಂದ ಅವನು ಇಷ್ಟು ಸುಖವಾಗಿರಲಿಲ್ಲ. ವಾಪಸ್ಸು ಬಂದಾಗ ಟೀಚರ್ ಇರಲಿಲ್ಲ; ಮೇಜಿನ ಅವಳ ಅರ್ಧ ಚೊಕ್ಕಟವಾಗಿತ್ತು. ಆಕೆ ಯಾವಾಗಲೂ ಹಾಗೆಯೇ, ಕುಡಿದ ಲೋಟ ತೊಳೆದಿಟ್ಟು, ಕುರ್ಚಿ ಒಳಗೆ ತಳ್ಳಿ ಹೋಗುವವಳು. ಕಂಪ್ಯೂಟರನ್ನು ಎತ್ತಿಕೊಂಡು ಮೀಟಿಂಗ್ ಕೋಣೆಗೆ ಹೋದ.

ಎಲ್ಲ ಅಂದುಕೊಂಡಂತೆ ನಡೆಯಿತು. ಪೆಟ್ಟಿಗೆ ಇಳಿಸಿದ. ಬ್ರೆಡ್ಡು ಇನ್ನಷ್ಟು ಕುಸಿದು ಹುಳಿವಾಸನೆ ಬರುತ್ತಿತ್ತು. ಗೋಡೆಯ ಮೇಲೆ ಹೆಸರುಗಳು ಮೂಡಿದವು, ಕೆಳಗಿನಿಂದ ಒಂದೊಂದೇ ಓದಿದ. ಡಬ್ಬಿಯ ಕಥೆ, ಅಳಿಯನ ಕಥೆ ಹೇಳಿದಾಗ ಜನ ನಕ್ಕರು. ಕೊನೆಗೆ ಫೈಲಿನ ತಲೆಯನ್ನು ತೋರಿಸಿ ಸುಮ್ಮನಾದ. ಭಾವಮೈದ ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ ನೋಡಿದ.

"ನನ್ನ ಹೆಸರಲ್ವಾ ಅದು?"

"ಹೌದು. ಇದು ನೀನು ಬರೆದದ್ದು."

ಆ ಮೊದಲ ದಿನದ ಹಾಗೆ ಈ ಸಲ ಯಾವ ಸದ್ದೂ ನಿಲ್ಲಲಿಲ್ಲ. ಭಾವಮೈದನ ಮುಖ ಅರಳಿತು. "ಅಯ್ಯೋ! ಅದು ಇನ್ನೂ ಓಡ್ತಿದೆಯಾ? ಇಷ್ಟು ವರ್ಷ ಓಡ್ತಲ್ಲ ಭಾವ, ಪರವಾಗಿಲ್ವೇ ನಾನು!" ಎಂದು ಲೆಕ್ಕದವನ ತೊಡೆ ತಟ್ಟಿದ. ಎಲ್ಲರೂ ನಕ್ಕರು. "ಆ ಡಬ್ಬಿ ಸ್ವಲ್ಪ ದೊಡ್ಡದು ಮಾಡಿಬಿಡಿ. ದೊಡ್ಡದು ಮಾಡೋದು ಕಷ್ಟ ಇಲ್ಲ ತಾನೆ?"

"ಒಂದು ಸಾಲು" ಎಂದ ಇವನು. ಬೆಟ್ಟ ಅಗೆದು ಇಲಿ ಹಿಡಿದದ್ದೂ ಅಲ್ಲ, ಇಲಿಯೇ ಬಂದು ಕೈ ಕುಲುಕಿ ಹೋದ ಹಾಗಾಯಿತು.

"ಒಂದೇ ಒಂದು ಬೇಜಾರು ಭಾವ. ಟೀಚರನ್ನ ಕಳಿಸಿಬಿಟ್ಟೆನಲ್ಲ."

"ಕಳಿಸಿದ್ದು ಯಾವಾಗ?"

"ನೀವು ಏನೂ ಸಿಗ್ಲಿಲ್ಲ ಅಂದ್ರಲ್ಲ, ಆವಾಗ್ಲೇ. ಕಾರ್ಖಾನೆಗೂ ಬರೆದೆ, ತಪ್ಪು ಮಾಡಿದವರನ್ನ ತೆಗೆದಿದ್ದೀವಿ ಅಂತ. ಅವರಿಗೆ ಸಮಾಧಾನ ಆಯ್ತು. ಈಗ ಅವರಲ್ಲ ನಾನು ಅಂತ ಹೆಂಗ್ ಬರೆಯೋದು?" ಭಾವಮೈದ ನಿಜವಾಗಿಯೂ ನೊಂದುಕೊಂಡಿದ್ದ. ನೊಂದುಕೊಂಡೇ ಬ್ರೆಡ್ಡಿನ ಪೆಟ್ಟಿಗೆಯನ್ನು ಎತ್ತಿ, "ಯಾರಾದ್ರೂ ಇದನ್ನ ಬಿಸಾಕ್ರಪ್ಪ, ವಾಸನೆ" ಎಂದ.

ಮೆಟ್ಟಿಲು ಇಳಿಯುವಾಗ ಅವನಿಗೆ ತಾನು ಓಡುತ್ತಿದ್ದೇನೆ ಎಂದು ತಿಳಿಯಿತು. ಓಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಜೇಬಿನ ಬೀಗದ ಕೈ ಝಣಗುಟ್ಟುತ್ತಿತ್ತು. ಇಡೀ ಮಧ್ಯಾಹ್ನ ತಾನು ಅವಳ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ದ್ವೇಷವಿದ್ದಿದ್ದರೆ ಬೇರೆ ಮಾತು. ದ್ವೇಷವೂ ಇರಲಿಲ್ಲ. ಕಣ್ಣೆದುರಿಗಿದ್ದ ಹೆಸರುಗಳ ಸಾಲಿನಲ್ಲಿ ಅವಳ ಹೆಸರಿರಲಿಲ್ಲ, ಅದಕ್ಕೇ ಮರೆತಿದ್ದ. ರಸ್ತೆಯಾಚೆಯ ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಆಕೆ ಕೂತಿದ್ದಳು, ಮಡಿಲಲ್ಲಿ ಕೈಚೀಲ, ಮೊಣಕೈಗೆ ಉಗ್ರಾಣದ ಧೂಳು ಇನ್ನೂ ಅಂಟಿತ್ತು. ಇವನನ್ನು ಕಂಡು ಎದ್ದು ನಿಂತಳು. ಕೆಲಸ ಹೋದ ಮೇಲೂ ಎದ್ದು ನಿಲ್ಲುತ್ತಾಳೆ.

"ಟೀಚರ್" ಎಂದ, ಏದುಸಿರು ಬಿಡುತ್ತ. "ನಿಮ್ಮದಲ್ಲ. ಸಿಕ್ತು. ನಿಮ್ಮದಲ್ಲ ಅದು."

"ಗೊತ್ತು ಸರ್."

"ಗೊತ್ತಾ?"

"ಪಕ್ಕದಲ್ಲೇ ಇದ್ದೆನಲ್ಲ. ಪರದೆ ಮೇಲೆ ಹೆಸರು ಬಂದಾಗ ನಾನೂ ಓದಿದೆ. ದೇವರೇ, ನನ್ನದಲ್ಲ ಅಂತ ಕೈ ಮುಗಿದುಬಿಟ್ಟೆ, ನಿಮಗೆ ಕಾಣಲಿಲ್ಲ." ಆಕೆ ನಕ್ಕಳು, ನಗು ಅರ್ಧಕ್ಕೆ ನಿಂತಿತು. "ಆಮೇಲೆ ಅವರು ಬಾಗಿಲಿಗೆ ಬಂದು ಕೇಳಿದಾಗ ನೀವು ಇಲ್ಲ ಅಂದ್ರಿ."

ಬಸ್ಸೊಂದು ಬಂದು, ಅದು ಅವಳದ್ದಲ್ಲ, ಹೊಗೆ ಬಿಟ್ಟು ಹೋಯಿತು.

"ಒಂದ್ಸಲ ಎದೆ ಧಸಕ್ಕಂತು ಸರ್, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಅರ್ಥ ಆಯ್ತು. ಅವರ ಹೆಸರೇ ಬಂದ್ರೆ ನೀವು ತಾನೆ ಏನ್ ಮಾಡ್ತೀರಿ? ಎಷ್ಟಾದ್ರೂ ಹೆಂಡತಿ ತಮ್ಮ. ಎಲ್ಲರ ಮುಂದೆ ಅವರ ಮಾನ ಕಳೆಯೋಕಾಗತ್ತಾ? ರೂಮಲ್ಲಿ ಅವರು ನನ್ನನ್ನ ಕೇಳಿದ್ರು, ನಿಮಗೇನಾದ್ರೂ ಹೇಳೋದಿದೆಯಾ ಅಂತ. ನಾಲಿಗೆ ತುದೀಲಿತ್ತು. ನೀವು ಮುಚ್ಚಿಟ್ಟಿದ್ದನ್ನ ನಾನು ಹೇಗೆ ಹೇಳ್ಲಿ? ಇಷ್ಟು ದಿನ ಟೀಚರ್ ಅಂತ ಮರ್ಯಾದೆ ಕೊಟ್ಟು ಮಾತಾಡ್ಸಿದೋರು ನೀವೊಬ್ರೇ. ಸುಮ್ಮನೆ ಬಂದೆ."

ಹೇಳಬೇಕು. ಮಾನ ಉಳಿಸಲಿಕ್ಕಲ್ಲ, ಕಳೆಯಲಿಕ್ಕೆ ಮುಚ್ಚಿಟ್ಟೆ ಎಂದು ಹೇಳಬೇಕು. ಬೆಳಿಗ್ಗೆ ಗಲ್ಲ ತಿರುಗಿಸಿದವನೂ ನಾನೇ, ನೀವು ಕುರ್ಚಿ ಸರಿಸಿ ಎದ್ದುಹೋಗುವಾಗ ನಾನು ಪೆಟ್ಟಿಗೆಯನ್ನು ಎಲ್ಲಿಡುವುದೆಂದು ಯೋಚಿಸುತ್ತಿದ್ದೆ ಎಂದು ಹೇಳಬೇಕು. ಇಷ್ಟೂ ಮಾತು ಬಾಯಿಯವರೆಗೆ ಬಂದಿತ್ತು. ಆಕೆ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅವನು ಇಷ್ಟು ವರ್ಷ ಯಾರ ಕಣ್ಣಿನಲ್ಲೂ ಕಾಣದ ಒಂದು ಗೌರವವಿತ್ತು. ಅದು ಸುಳ್ಳಿನದ್ದು, ತಪ್ಪು ವಿಳಾಸಕ್ಕೆ ಬಂದದ್ದು, ಮೂರ್ಖತನದ್ದು ಎಂದು ಅವನಿಗೆ ಗೊತ್ತಿತ್ತು. ಅದು ಅವನಿಗೆ ಬೇಕಾಗಿತ್ತು.

"ಹೌದು ಟೀಚರ್" ಎಂದ. "ಏನ್ ಮಾಡೋದು, ಮನೆಯವನು."

"ಬಿಡಿ ಸರ್, ಬೇಜಾರ್ ಮಾಡ್ಕೋಬೇಡಿ" ಎಂದು ಆಕೆ ಅವನನ್ನು ಸಮಾಧಾನಪಡಿಸಿದಳು.